ಸಂಬಳದ ಚೀಟಿಗೆ ಬಾರದ ಗಂಟೆಗಳು

ಹೂಡಿಯ ನಮ್ಮ ವಠಾರದ ಮೇಲ್ಮನೆ ಹುಡುಗಿ ಒಂದು ರಾತ್ರಿ ಸಂಬಳದ ಚೀಟಿ ಹಿಡಿದು ಬಂದಳು. ‘ಅಕ್ಕಾ, ಇದರಲ್ಲಿ ನನ್ನ ಓಟಿ ಎಲ್ಲೈತೆ ನೋಡಿ.’ ಗೋಡೆ ಕ್ಯಾಲೆಂಡರಿನಲ್ಲಿ ಅವಳು ಪೆನ್ಸಿಲಿನಿಂದ ಬರೆದಿಟ್ಟ ಹೆಚ್ಚುವರಿ ದುಡಿಮೆಯ ಗಂಟೆಗಳು ಚೀಟಿಯಲ್ಲಿರಲಿಲ್ಲ.

ನನಗೆ ಕೋಲಾರದ ನರಸಾಪುರ ನೆನಪಾಯಿತು. ಅಲ್ಲಿ ಆಪಲ್‌ಗಾಗಿ ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಿಗ್ಗೆ ಕಾರ್ಮಿಕರ ಸಿಟ್ಟು ಕಟ್ಟೆಯೊಡೆಯಿತು. ಗಾಜು, ವಾಹನ ಪುಡಿಯಾದವು. ರಾಜ್ಯದ ಕಾರ್ಖಾನೆಗಳ ಇಲಾಖೆ ತನಿಖೆ ಮಾಡಿದಾಗ ಒಳಗಿನ ಹುಳುಕು ಹೊರಬಿತ್ತು. ಕೆಲವೇ ತಿಂಗಳಲ್ಲಿ ಕಾರ್ಮಿಕರ ಸಂಖ್ಯೆ ಸುಮಾರು 10,500ಕ್ಕೆ ಏರಿತ್ತು, ಹೆಚ್ಚಿನವರು ಗುತ್ತಿಗೆಯವರು. 8 ಗಂಟೆಯ ಪಾಳಿ 12 ಗಂಟೆಯಾಗಿತ್ತು. ಹಾಜರಾತಿ ವ್ಯವಸ್ಥೆ ಕೆಟ್ಟಿದ್ದರೂ ಸರಿಪಡಿಸಿರಲಿಲ್ಲ. ದುಡಿದ ಲೆಕ್ಕ ಒಂದು, ಕೈಗೆ ಬಂದ ಹಣ ಇನ್ನೊಂದು.

ತಪ್ಪು ತಿದ್ದಿಕೊಳ್ಳುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದು ಆಪಲ್ ಹೇಳಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ಉಸ್ತುವಾರಿ ಹೊತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. 2023ರಲ್ಲಿ ಟಾಟಾ ಆ ಘಟಕ ಕೊಳ್ಳಲು ಒಪ್ಪಂದ ಮಾಡಿಕೊಂಡಿತು.

ಗಾಜು ಒಡೆಯುವ ಮುಂಚೆಯೇ ಆ ಲೆಕ್ಕವನ್ನು ಯಾರಾದರೂ ಕೂತು ನೋಡಬೇಕಿತ್ತು. ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅದು ಯಾರೋ ಕೊಡುವ ಭಿಕ್ಷೆಯಲ್ಲ. ಆ ಕ್ಯಾಲೆಂಡರ್ ಹಾಳೆಯನ್ನು ಜೋಪಾನವಾಗಿಡು ಅಂದೆ ಹುಡುಗಿಗೆ. ನಾಳೆ ಕೇಳುವವರು ಬಂದರೆ ಅದೇ ಸಾಕ್ಷಿ.