ಹನೋಯ್‌ನಲ್ಲಿ ಊಟ: ಯಾವ ಬೀದಿ, ಎಷ್ಟು ಗಂಟೆ?

ಹನೋಯ್‌ಗೆ ಹೋಗೋ ಪ್ಲಾನ್ ಹಾಕಿದವರು ಮೊದಲು ಹುಡುಕೋದು ‘ಟಾಪ್ ಟೆನ್ ರೆಸ್ಟೋರೆಂಟ್ಸ್’ ಅಂತ. ಪಟ್ಟಿ ಸಿಗುತ್ತೆ. ಮ್ಯಾಪಲ್ಲಿ ಪಿನ್ ಹಾಕ್ಕೊಂಡು ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನಿಂತರೆ ಶಟರ್ ಎಳೆದಿರುತ್ತೆ. ಆಮೇಲೆ ಪಕ್ಕದ ಪಿಜ್ಜಾ ಅಂಗಡಿಗೆ ನುಗ್ಗಿ, ‘ವಿಯೆಟ್ನಾಂ ಊಟ ಅಷ್ಟಕ್ಕಷ್ಟೇ ಗುರು’ ಅಂತ ಸ್ಟೇಟಸ್ ಹಾಕೋದು. ಆ ಊರಲ್ಲಿ ಊಟದ ವಿಳಾಸಕ್ಕೆ ಬೀದಿಯ ಹೆಸರು ಎಷ್ಟು ಮುಖ್ಯವೋ ಗಡಿಯಾರವೂ ಅಷ್ಟೇ ಮುಖ್ಯ. ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ನಮ್ಮ ದರ್ಶಿನಿಗಳಲ್ಲಿ ಇಡ್ಲಿಯಿಂದ ಗೋಬಿ ಮಂಚೂರಿವರೆಗೆ ಎಲ್ಲವೂ ಒಂದೇ ಬೋರ್ಡಿನ ಮೇಲೆ ಇರುತ್ತೆ. ಹನೋಯ್‌ನ ಹಳೇ ಪೇಟೆಯಲ್ಲಿ ಒಂದು ಅಂಗಡಿ ಅಂದ್ರೆ ಬಹುತೇಕ ಒಂದೇ ತಿಂಡಿ. ಫೋ ಮಾಡೋರು ಫೋ ಮಾತ್ರ ಮಾಡ್ತಾರೆ, ಅದರಲ್ಲೂ ದನದ ಮಾಂಸದ ಫೋ ಮಾಡೋರ ಹತ್ರ ಕೋಳಿಯದ್ದು ಸಿಗದೇ ಇರಬಹುದು. ಇದಕ್ಕೆ ಕಾರಣ ಹುಡುಕೋಕೆ ಅಲ್ಲಿನ ಮನೆಗಳನ್ನ ನೋಡಬೇಕು. ಹಳೇ ಪೇಟೆಯ ಮನೆಗಳು ಬೀದಿ ಕಡೆ ತೀರಾ ಕಿರಿದು, ಒಳಗೆ ಹೋದಂತೆ ರೈಲು ಡಬ್ಬಿ ಥರ ಉದ್ದ. ‘ಕೊಳವೆ ಮನೆ’ ಅಂತಲೇ ಅವುಗಳ ಹೆಸರು. ಮುಂದಿನ ಕೋಣೆಯಲ್ಲಿ ಒಂದು ದೊಡ್ಡ ಹಂಡೆ ಇಟ್ಟರೆ ಇನ್ನೊಂದಕ್ಕೆ ಜಾಗ ಇಲ್ಲ. ಮೂಳೆಗಳನ್ನು ಗಂಟೆಗಟ್ಟಲೆ ಕುದಿಸಿ ತೆಗೆದ ಸಾರು ಆ ಹಂಡೆಯಲ್ಲಿ ಎಷ್ಟಿದೆಯೋ ಅಷ್ಟೇ ಆ ಹೊತ್ತಿನ ವ್ಯಾಪಾರ. ಹಂಡೆ ಖಾಲಿಯಾದ್ರೆ ಬಾಗಿಲು ಹಾಕ್ತಾರೆ.

ಬೀದಿಗಳ ಹೆಸರಲ್ಲೂ ಇದೇ ಬುದ್ಧಿ ಕಾಣುತ್ತೆ. ಹಳೇ ಪೇಟೆಗೆ ‘36 ಬೀದಿಗಳು’ ಅಂತ ಹೆಸರು. ಬಹಳ ಬೀದಿಗಳ ಹೆಸರು ಶುರುವಾಗೋದೇ ‘ಹಾಂಗ್’ ಅಂತ, ಅಂದ್ರೆ ಸರಕು. ಹಾಂಗ್ ಬಾಕ್ ಬೆಳ್ಳಿ ಬೀದಿ, ಹಾಂಗ್ ದುವಾಂಗ್ ಸಕ್ಕರೆ ಬೀದಿ, ಹಾಂಗ್ ಮಾಮ್ ಮೀನಿನ ಸಾಸ್ ಬೀದಿ. ನಮ್ಮ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ ಗೊತ್ತಿರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಬೆಳಿಗ್ಗೆ ಅಂದ್ರೆ ಫೋ. ಬರೆಯೋದು ಹೀಗೆ, ಬಾಯಲ್ಲಿ ಅದು ‘ಫೋ’ ಅಲ್ಲ, ‘ಫ’ ಅನ್ನೋದನ್ನ ಪ್ರಶ್ನೆ ಕೇಳಿದ ಹಾಗೆ ಎಳೆದರೆ ಹತ್ತಿರ ಬರುತ್ತೆ. ಅಕ್ಕಿ ಹಿಟ್ಟಿನ ಚಪ್ಪಟೆ ಶಾವಿಗೆ, ಮೇಲೆ ಮಾಂಸದ ತೆಳು ಹೋಳುಗಳು, ಈರುಳ್ಳಿ ಸೊಪ್ಪು, ಚಕ್ರಮೊಗ್ಗು, ದಾಲ್ಚಿನ್ನಿ ಹಾಕಿ ಕುದಿಸಿದ ತಿಳಿ ಸಾರು. ಬಾತ್ ದಾನ್ ಬೀದಿಯ 49ನೇ ನಂಬರಿನ ಅಂಗಡಿ ತುಂಬಾ ಹೆಸರುವಾಸಿ. ಅಲ್ಲಿ ಕ್ಯೂ ನಿಲ್ಲಬೇಕು, ಮೊದಲೇ ದುಡ್ಡು ಕೊಡಬೇಕು, ಬಟ್ಟಲನ್ನ ನೀವೇ ಹಿಡ್ಕೊಂಡು ಹೋಗಿ ಜಾಗ ಹುಡುಕಬೇಕು. ಥೇಟ್ ಹಾಸ್ಟೆಲ್ ಮೆಸ್. ಬೆಳಿಗ್ಗೆ ಕೆಲವು ಗಂಟೆ, ಮತ್ತೆ ಸಂಜೆ ಕೆಲವು ಗಂಟೆ, ಅಷ್ಟೇ. ಲೋ ದುಕ್ ಬೀದಿಯ 13ನೇ ನಂಬರಿನ ಫೋ ಥಿನ್ 1979ರಿಂದ ಇದೆ. ಅಲ್ಲಿ ಮಾಂಸವನ್ನ ಬೆಳ್ಳುಳ್ಳಿ ಜೊತೆ ಜೋರು ಉರಿಯಲ್ಲಿ ಹುರಿದು ಹಾಕ್ತಾರೆ. ಹ್ವಾನ್ ಕಿಯೆಮ್ ಕೆರೆಯ ಪಕ್ಕ ಇನ್ನೊಂದು ಫೋ ಥಿನ್ ಇದೆ, ಎರಡಕ್ಕೂ ಸಂಬಂಧ ಇಲ್ಲ. ಹಾಗಾಗಿ ಹೆಸರಿನ ಬದಲು ಬೀದಿ ಮತ್ತು ಮನೆ ನಂಬರ್ ಬರೆದಿಟ್ಟುಕೊಳ್ಳಿ. ಇನ್ನೊಂದು ವಿಷಯ: ಸಾಯ್ಗಾನ್ ಕಡೆಯ ಹಾಗೆ ಮೊಳಕೆ ಕಾಳು, ತುಳಸಿ ಜಾತಿಯ ಸೊಪ್ಪು, ಸಿಹಿ ಸಾಸ್ ಎಲ್ಲ ಸುರಿದುಕೊಂಡು ತಿನ್ನೋ ಪದ್ಧತಿ ಹನೋಯ್‌ನಲ್ಲಿಲ್ಲ. ಬೆಳ್ಳುಳ್ಳಿ ನೆನೆಸಿದ ವಿನೆಗರ್, ಮೆಣಸಿನಕಾಯಿ, ಅದ್ದಿ ತಿನ್ನೋಕೆ ಉದ್ದನೆಯ ಕರಿದ ಹಿಟ್ಟಿನ ಕಡ್ಡಿ, ಮುಗೀತು.

ಫೋಗೆ ಸಂಬಂಧಪಟ್ಟ ಒಂದು ಮಾತು ಎಂಜಿನಿಯರಿಂಗ್ ಹುಡುಗರಿಗೆ ಖಂಡಿತ ಇಷ್ಟ ಆಗುತ್ತೆ. ಅಮೆರಿಕದ ಜೊತೆ ಯುದ್ಧ ನಡೀತಿದ್ದಾಗ, ಆಮೇಲೆ ರೇಷನ್ ಚೀಟಿಯ ವರ್ಷಗಳಲ್ಲೂ, ಹನೋಯ್‌ನ ಸರ್ಕಾರಿ ಅಂಗಡಿಗಳಲ್ಲಿ ಮಾಂಸವೇ ಇಲ್ಲದ ಫೋ ಮಾರ್ತಿದ್ದರು. ಶಾವಿಗೆ, ಪೇಲವ ಸಾರು, ಅಷ್ಟೇ. ಅದೇ ಕಾಲದಲ್ಲಿ ಊರ ಮೇಲೆ ಅಮೆರಿಕದ ಪೈಲಟ್‌ರಹಿತ ಬೇಹು ವಿಮಾನಗಳು ಹಾರಾಡ್ತಿದ್ದವು. ಜನ ಆ ಖಾಲಿ ಬಟ್ಟಲಿಗೆ ‘ಪೈಲಟ್ ಇಲ್ಲದ ಫೋ’ ಅಂತ ಹೆಸರಿಟ್ಟರು. ಇವತ್ತಿನ ಮಾತಲ್ಲಿ ಹೇಳೋದಾದ್ರೆ ಡ್ರೋನ್ ಫೋ! 1986ರಲ್ಲಿ ‘ದೋಯ್ ಮೋಯ್’ ಅನ್ನೋ ಆರ್ಥಿಕ ಸುಧಾರಣೆ ಶುರುವಾದ ಮೇಲೆ ಮನೆಮನೆಯ ಮುಂದೆ ಖಾಸಗಿ ಅಂಗಡಿಗಳು ತಲೆ ಎತ್ತಿದವು. ಈಗ ನಾವು ಫುಟ್‌ಪಾತಿನ ಪುಟ್ಟ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ತಿನ್ನೋ ಈ ‘ಪುರಾತನ’ ವಾತಾವರಣದ ಬಹುಪಾಲು ನಮ್ಮ ಅಪ್ಪ ಅಮ್ಮಂದಿರ ಕಾಲದ್ದು.

ಬೆಳಗಿನ ಹೊತ್ತಿಗೆ ಇನ್ನೆರಡು ತಿಂಡಿ ಇವೆ, ಎರಡೂ ನಮ್ಮ ನಾಲಿಗೆಗೆ ಹತ್ತಿರ. ಒಂದು ಸೋಯ್ ಸೆಯೊ: ಅರಿಶಿನ ಹಾಕಿದ ಅಂಟಕ್ಕಿಯ ಅನ್ನ, ಮೇಲೆ ಬೇಯಿಸಿ ಉಂಡೆ ಕಟ್ಟಿದ ಹೆಸರುಬೇಳೆಯನ್ನ ಚಾಕುವಿನಿಂದ ಹೆರೆದು ಉದುರಿಸ್ತಾರೆ, ಅದರ ಮೇಲೆ ಗರಿಗರಿ ಹುರಿದ ಸಣ್ಣ ಈರುಳ್ಳಿ. ನುಯೆನ್ ಹೂ ಹುವಾನ್ ಬೀದಿಯ ಸೋಯ್ ಯೆನ್ ಇದಕ್ಕೆ ಪ್ರಸಿದ್ಧ, ರಾತ್ರಿಯೂ ತೆರೆದಿರುತ್ತೆ. ಇನ್ನೊಂದು ಬಾನ್ ಕುವೊನ್. ಹಬೆಯಾಡೋ ಪಾತ್ರೆಯ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ಅಕ್ಕಿ ಹಿಟ್ಟನ್ನ ನೀರುದೋಸೆಗಿಂತ ತೆಳ್ಳಗೆ ಹರಡಿ, ಅರೆ ನಿಮಿಷದಲ್ಲಿ ಕಡ್ಡಿಯಿಂದ ಎತ್ತಿ ಸುತ್ತಿ ಕೊಡ್ತಾರೆ. ಹಾಂಗ್ ಗಾ ಬೀದಿಯಲ್ಲಿ ಅಂಗಡಿಯ ಮುಂದೆಯೇ ಕೂತು ಮಾಡೋದನ್ನ ನೋಡಬಹುದು. ಒಳಗೆ ಸಾಮಾನ್ಯವಾಗಿ ಹಂದಿ ಮಾಂಸದ ಪುಡಿ ಮತ್ತು ಅಣಬೆ ಇರುತ್ತೆ. ಏನೂ ತುಂಬದ ಖಾಲಿ ಹಾಳೆಯನ್ನೂ ಕೇಳಬಹುದು.

ಮಧ್ಯಾಹ್ನದ ರಾಜ ಬುನ್ ಚಾ. ಹನ್ನೊಂದು ಗಂಟೆ ಹೊತ್ತಿಗೆ ಬೀದಿಗಳಲ್ಲಿ ಇದ್ದಿಲಿನ ಹೊಗೆ ಏಳೋಕೆ ಶುರುವಾದ್ರೆ ಅದೇ. ಕೆಂಡದ ಮೇಲೆ ಸುಟ್ಟ ಹಂದಿ ಮಾಂಸವನ್ನ ಉಗುರುಬೆಚ್ಚಗಿನ ಸಿಹಿ-ಹುಳಿ ಸಾರಿನಲ್ಲಿ ಹಾಕಿ, ಪಕ್ಕದಲ್ಲಿ ಸಣ್ಣ ಶಾವಿಗೆ, ಒಂದು ಬುಟ್ಟಿ ಸೊಪ್ಪು ಇಡ್ತಾರೆ. 2016ರ ಮೇ ತಿಂಗಳಲ್ಲಿ ಒಬಾಮಾ ಮತ್ತು ಆಂಥೊನಿ ಬೋರ್ಡೇನ್ ಲೇ ವಾನ್ ಹ್ಯೂ ಬೀದಿಯ ಹುವಾಂಗ್ ಲಿಯೆನ್‌ನಲ್ಲಿ ಕೂತು ತಿಂದಿದ್ದು ಇದನ್ನೇ. ಬಿಲ್ಲು 6 ಡಾಲರ್ ಆಯ್ತು, ತಾನೇ ಕೊಟ್ಟೆ ಅಂತ ಬೋರ್ಡೇನ್ ಆಗ ಹೇಳಿಕೊಂಡಿದ್ದ. ಅವರು ಕೂತ ಮೇಜನ್ನ ಈಗ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ನನ್ನ ಪ್ರಕಾರ ಗಾಜಿನ ಪೆಟ್ಟಿಗೆ ನೋಡೋಕೆ ಅಲ್ಲಿಗೆ ಹೋಗಬಹುದು, ಬುನ್ ಚಾ ತಿನ್ನೋಕಂತೂ ಹೊಗೆ ಬರ್ತಿರೋ ಯಾವ ಬೀದಿಯಾದ್ರೂ ಸಾಕು.

ಸರಿ, ಇಷ್ಟೊತ್ತು ದನ, ಹಂದಿ ಅಂತ ಓದಿ ಮುಖ ಸಿಂಡರಿಸಿಕೊಂಡಿರೋ ಸಸ್ಯಾಹಾರಿಗಳ ವಿಷಯಕ್ಕೆ ಬರೋಣ. ಹನೋಯ್ ಅಂದ್ರೆ ಹತ್ತು ಪ್ಯಾಕೆಟ್ ರೆಡಿಮಿಕ್ಸ್ ಉಪ್ಪಿಟ್ಟು ಹೊತ್ಕೊಂಡು ಹೋಗಬೇಕು ಅನ್ನೋ ನಂಬಿಕೆ ನಮ್ಮಲ್ಲಿದೆ. ಅಷ್ಟು ಭಯ ಬೇಡ, ಆದರೆ ಹುಷಾರಾಗಿರಬೇಕು. ಅಲ್ಲಿನ ಅಡುಗೆಯಲ್ಲಿ ಉಪ್ಪಿನ ಕೆಲಸವನ್ನ ಬಹಳಷ್ಟು ಮಾಡೋದು ನುವೊಕ್ ಮಾಮ್, ಅಂದ್ರೆ ಮೀನನ್ನ ಉಪ್ಪಲ್ಲಿ ತಿಂಗಳುಗಟ್ಟಲೆ ಕೊಳೆಸಿ ಬಸಿದ ರಸ. ತರಕಾರಿ ಪಲ್ಯದಲ್ಲೂ ಅದು ಇರಬಹುದು. ಮಸಾಲೆ ಹರಳುಗಳಲ್ಲಿ ಹಂದಿ ಮೂಳೆಯ ಸತ್ವ ಇರುತ್ತೆ. ‘ಮಾಂಸ ಬೇಡ’ ಅಂದ್ರೆ ಮೇಲಿನ ಹೋಳು ತೆಗೆದು ಅದೇ ಸಾರು ಕೊಡ್ತಾರೆ. ಅದು ಅವರ ಮೋಸ ಅಲ್ಲ, ನಾವು ಹೇಳಿದ್ದು ಅವರಿಗೆ ಹಾಗೇ ಅರ್ಥ ಆಗೋದು.

ಹೇಳಬೇಕಾದ ಮಾತು ‘ಆನ್ ಚಾಯ್’. ಬೌದ್ಧ ವ್ರತದ ಊಟ ಅಂತ ಇದರ ಅರ್ಥ. ಈ ಮಾತು ಕೇಳಿದ ತಕ್ಷಣ ಮಾಂಸ, ಮೀನು, ಮೀನಿನ ಸಾಸ್ ಎಲ್ಲ ಬಿಟ್ಟಿರೋ ಊಟ ಅಂತ ಅವರಿಗೆ ಅರ್ಥ ಆಗುತ್ತೆ. ವ್ರತ ಕಟ್ಟುನಿಟ್ಟಾಗಿದ್ದರೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ, ನಮ್ಮ ಮಠದ ಅಡುಗೆ ಥರ. ಅಲ್ಲಿನ ಚಾಂದ್ರಮಾನ ತಿಂಗಳ 1ನೇ ಮತ್ತು 15ನೇ ದಿನ, ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ಅಮಾವಾಸ್ಯೆ ಮತ್ತು ಹುಣ್ಣಿಮೆ, ಬಹಳ ಜನ ಮಾಂಸ ಮುಟ್ಟಲ್ಲ. ಆ ದಿನಗಳಲ್ಲಿ ಚಾಯ್ ಊಟ ಸಿಗೋದು ಸುಲಭ. ಆದ್ದರಿಂದ ಟಿಕೆಟ್ ಬುಕ್ ಮಾಡೋ ಮುಂಚೆ ಪಂಚಾಂಗ ನೋಡಿ ಅಂದ್ರೆ ನಗಬೇಡಿ. ಉಳಿದ ದಿನಗಳಲ್ಲಿ ‘ಕೊಮ್ ಚಾಯ್’ ಅಂತ ಬೋರ್ಡ್ ಇರೋ ಅಂಗಡಿ ಹುಡುಕಿ. ತಟ್ಟೆಯಲ್ಲಿ ಕೋಳಿ ಕಾಲು ಕಂಡರೆ ಗಾಬರಿಯಾಗೋದು ಬೇಡ, ಅದು ಸೋಯಾದಲ್ಲಿ ಮಾಡಿದ ನಕಲಿ ಕೋಳಿ.

ಉಚ್ಚಾರ ಮಾತ್ರ ಕೈ ಕೊಡುತ್ತೆ. ಆ ಭಾಷೆಯಲ್ಲಿ ಸ್ವರ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ಬಾಯಿಂದ ಹೇಳೋದಕ್ಕಿಂತ ಫೋನಲ್ಲಿ ಬರೆದು ತೋರಿಸೋದು ಒಳ್ಳೇದು. ಪುಣ್ಯಕ್ಕೆ ಲಿಪಿ ರೋಮನ್, ಅಕ್ಷರದ ಮೇಲೆ ಕೆಳಗೆ ಒಂದಿಷ್ಟು ಚಿಹ್ನೆ, ಅಷ್ಟೇ. ಆರೇಳು ಪದ ಬಂದ್ರೆ ಯಾವ ಬೋರ್ಡನ್ನಾದ್ರೂ ಓದಬಹುದು: ಬೋ ಅಂದ್ರೆ ದನ, ಗಾ ಕೋಳಿ, ಲೋನ್ ಹಂದಿ, ಕಾ ಮೀನು, ಚುಂಗ್ ಮೊಟ್ಟೆ, ದೌ ತೋಫು. ಚುಂಗ್ ಅನ್ನೋದನ್ನ ಬೋರ್ಡಲ್ಲಿ ‘ಟಿ’, ‘ಆರ್’ ಅಕ್ಷರಗಳಿಂದ ಬರೆದಿರ್ತಾರೆ, ಹನೋಯ್‌ನವರು ‘ಚ’ ಅಂತ ಓದ್ತಾರೆ. ದನದ ಮಾಂಸ ತಿನ್ನದವರು ‘ಫೋ ಗಾ’ ಅಂತ ಇರೋ ಕಡೆ ಹೋಗಿ.

ಸಸ್ಯಾಹಾರಿಗಳಿಗೆ ಇನ್ನೊಂದು ದಾರಿ ಬುನ್ ದೌ. ಹಳೇ ಪೇಟೆಯ ಫಾತ್ ಲೋಕ್ ಅನ್ನೋ ಸಣ್ಣ ಗಲ್ಲಿಯಲ್ಲಿ ಇದು ಫೇಮಸ್. ಹೊರಗೆ ಗರಿಗರಿ, ಒಳಗೆ ಮೆತ್ತಗಿರೋ ಬಿಸಿ ತೋಫು, ಒತ್ತಿದ ಶಾವಿಗೆ, ಸೊಪ್ಪು. ಜೊತೆಗೆ ಕೊಡೋ ನೇರಳೆ ಬಣ್ಣದ ಸಿಗಡಿ ಗೊಜ್ಜಿನ ವಾಸನೆ ಇಡೀ ಗಲ್ಲಿಗೆ ಹೊಡೆಯುತ್ತೆ. ಅದರ ಬದಲು ‘ಸಿ ಜೌ’, ಅಂದ್ರೆ ಸೋಯಾ ಸಾಸ್ ಕೇಳಿ. ಎಣ್ಣೆ ಯಾವುದರಲ್ಲಿ ಕರಿದದ್ದು ಅಂತ ಯೋಚನೆ ಮಾಡೋರು ಚಾಯ್ ಅಂಗಡಿಗೇ ಹೋಗೋದು ವಾಸಿ.

ಸಂಜೆಗೆ ಚಾ ಕಾ, ಮೀನು ತಿನ್ನೋರಿಗೆ. ಇದನ್ನ ಮಾಡೋ ಒಂದು ಮನೆಯಿಂದಾಗಿ ಬೀದಿಯ ಹೆಸರೇ ಬದಲಾಯ್ತು. ಮೊದಲು ಅದು ಹಾಂಗ್ ಸೋನ್, ಬಣ್ಣದ ಬೀದಿ. ಈಗ ಚಾ ಕಾ ಬೀದಿ. ಲಾ ವಾಂಗ್ ಅನ್ನೋ ಆ ಅಂಗಡಿ 1871ರದ್ದು. ಅರಿಶಿನ ಹಚ್ಚಿ ಸುಟ್ಟ ಮೀನನ್ನ ನಿಮ್ಮ ಮೇಜಿನ ಮೇಲೇ ಬಾಣಲೆ ಇಟ್ಟು, ಎಣ್ಣೆಯಲ್ಲಿ ಒಂದು ರಾಶಿ ಸಬ್ಬಸಿಗೆ ಸೊಪ್ಪು ಹಾಕಿ ಬಾಡಿಸ್ತಾರೆ. ಹೌದು, ನಮ್ಮ ಅಕ್ಕಿರೊಟ್ಟಿಯ ಸಬ್ಬಸಿಗೆಯೇ. ಅರಿಶಿನ, ಸಬ್ಬಸಿಗೆ, ಕಡಲೆಕಾಯಿ ಬೀಜ ಒಂದೇ ತಟ್ಟೆಯಲ್ಲಿ ಸೇರಿದಾಗ ಬರೋ ಪರಿಮಳ ನಮಗೆ ಪರಿಚಯದ್ದೇ. ಇದು ಸ್ವಲ್ಪ ದುಬಾರಿ. ಆ ಬೀದಿಯ ಸುತ್ತಮುತ್ತ ಇದನ್ನೇ ಮಾಡೋ ಬೇರೆ ಅಂಗಡಿಗಳೂ ಇವೆ, ರೇಟು ನೋಡಿ ಕೂತ್ಕೊಳ್ಳಿ.

ಕಾಫಿ ಬಗ್ಗೆ ಕರ್ನಾಟಕದವರಿಗೆ ಹೇಳೋಕೆ ಸಂಕೋಚ, ಆದರೂ ಮೊಟ್ಟೆ ಕಾಫಿಯನ್ನ ಬಿಡೋ ಹಾಗಿಲ್ಲ. 1946ರಲ್ಲಿ ಹನೋಯ್‌ನಲ್ಲಿ ಹಾಲಿಗೆ ಬರ. ಮೆಟ್ರೋಪೋಲ್ ಹೋಟೆಲಲ್ಲಿ ಕೆಲಸ ಮಾಡ್ತಿದ್ದ ನುಯೆನ್ ವಾನ್ ಜಾಂಗ್ ಅನ್ನೋರು ಹಾಲಿನ ಬದಲು ಮೊಟ್ಟೆಯ ಹಳದಿಯನ್ನ ಸಿಹಿ ಹಾಕಿ ನೊರೆ ಬರೋ ತನಕ ಕಡೆದು ಕಾಫಿ ಮೇಲೆ ಹಾಕಿದರು. ಅವರ ಹೆಸರಿನ ಕೆಫೆ ಈಗ ನುಯೆನ್ ಹೂ ಹುವಾನ್ ಬೀದಿಯ 39ನೇ ನಂಬರಲ್ಲಿ, ಒಬ್ಬರೇ ನುಸುಳುವಂಥ ಓಣಿಯೊಳಗೆ ಇದೆ. ಲೋಟ ತಣ್ಣಗಾಗಬಾರದು ಅಂತ ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಕೊಡ್ತಾರೆ. ಮೊಟ್ಟೆ ವಾಸನೆ ಬರಲ್ಲ, ಭಯ ಬೇಡ. ಐಸ್‌ಕ್ರೀಮಿಗೆ 1958ರಿಂದ ಇರೋ ಚಾಂಗ್ ತಿಯೆನ್ ಅಂಗಡಿ, ಅಲ್ಲಿ ಕೊಮ್ ಅನ್ನೋ ಹಸಿರು ಎಳೆ ಅಕ್ಕಿಯ ಐಸ್‌ಕ್ರೀಮ್ ತಿನ್ನಿ. ಎಳೆ ಭತ್ತವನ್ನ ಹುರಿದು ಕುಟ್ಟಿದರೆ ಅದು ಕೊಮ್, ಒಂಥರಾ ಹಸಿರು ಅವಲಕ್ಕಿ. ಶರತ್ಕಾಲದಲ್ಲಿ ಹೋದವರಿಗೆ ಕಮಲದ ಎಲೆಯಲ್ಲಿ ಕಟ್ಟಿ ಬೀದಿಯಲ್ಲೇ ಮಾರ್ತಾರೆ.

ಟೂರಿಸ್ಟ್ ರೇಟು ಬೇಡ ಅನ್ನೋರು ಹಳೇ ಪೇಟೆ ಬಿಟ್ಟು ದಕ್ಷಿಣಕ್ಕೆ, ಬಾಕ್ ಖ್ವಾ ಕಡೆ ಹೋಗಿ. 1956ರಲ್ಲಿ ಶುರುವಾದ ಹನೋಯ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ ಇರೋದು ಅಲ್ಲಿ, ಅಂದ್ರೆ ನಮ್ಮಂಥವರದ್ದೇ ಜಾಗ. ಕ್ಯಾಂಪಸ್ ಪಕ್ಕದ ತಾ ಕ್ವಾಂಗ್ ಬಿಯು ಬೀದಿಯಲ್ಲಿ ವಿದ್ಯಾರ್ಥಿಗಳ ಊಟದ ಅಂಗಡಿಗಳು ಸಾಲಾಗಿವೆ. (ಆ ಹೆಸರಿನ ಮನುಷ್ಯ ಗಣಿತಜ್ಞ, ಅದೇ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದವರು, ಫ್ರೆಂಚರ ಜೊತೆಗಿನ 1954ರ ಜಿನೀವಾ ಕದನವಿರಾಮಕ್ಕೆ ಸಹಿ ಹಾಕಿದವರೂ ಅವರೇ.) ಅಲ್ಲಿ ಕೇಳಬೇಕಾದ್ದು ‘ಕೊಮ್ ಬಿನ್ ಜನ್’, ಜನಸಾಮಾನ್ಯರ ಅನ್ನ. ಗಾಜಿನ ಹಿಂದೆ ಹತ್ತಾರು ಪಲ್ಯ, ಮೊಟ್ಟೆ, ತೋಫು, ಮಾಂಸ ಇಟ್ಟಿರ್ತಾರೆ. ಬೆರಳು ತೋರಿಸಿದರೆ ಅನ್ನದ ಮೇಲೆ ಹಾಕಿ ಲೆಕ್ಕ ಹೇಳ್ತಾರೆ. ಭಾಷೆ ಬೇಕಿಲ್ಲ. ನಾವು ‘ಊಟ ಆಯ್ತಾ?’ ಅಂತ ಕೇಳೋ ಹಾಗೇ ಅವರಲ್ಲೂ ಕುಶಲ ವಿಚಾರಿಸೋದು ‘ಅನ್ನ ತಿಂದ್ಯಾ ಇನ್ನೂ ಇಲ್ವಾ?’ ಅಂತ.

ದುಡ್ಡಿನ ಲೆಕ್ಕ: ಒಂದು ರೂಪಾಯಿಗೆ ಸುಮಾರು 300 ದಾಂಗ್. ಒಂದು ಬಟ್ಟಲು ಫೋಗೆ ಐವತ್ತರಿಂದ ಎಂಬತ್ತು ಸಾವಿರ ದಾಂಗ್, ನಮ್ಮ ನೂರೆಪ್ಪತ್ತರಿಂದ ಇನ್ನೂರೆಪ್ಪತ್ತು ರೂಪಾಯಿ. ಇಪ್ಪತ್ತು ಸಾವಿರದ ನೋಟೂ ಐದು ಲಕ್ಷದ ನೋಟೂ ಎರಡೂ ನೀಲಿ ಛಾಯೆಯವು, ಕತ್ತಲಲ್ಲಿ ಕೊಡೋ ಮುಂಚೆ ಸೊನ್ನೆ ಎಣಿಸಿ. ತೇತ್ ಹಬ್ಬದ ವಾರ ಮಾತ್ರ ಹೋಗಬೇಡಿ. ಅವರ ಹೊಸ ವರ್ಷ ಅದು, ಜನವರಿ ಕೊನೆಯ ಭಾಗದಿಂದ ಫೆಬ್ರವರಿ 20ರೊಳಗೆ ಯಾವಾಗಲಾದರೂ ಬರುತ್ತೆ. ಅಂಗಡಿಯವರೆಲ್ಲ ಅವರವರ ಊರಿಗೆ ಹೋಗಿಬಿಡ್ತಾರೆ. ಆಗ ಆ ರೆಡಿಮಿಕ್ಸ್ ಉಪ್ಪಿಟ್ಟೇ ಗತಿ.