ಮಿದುಳಿನ ಭಂಡಾರಗಳೂ ಟೌ ಪ್ರೋಟೀನಿನ ಮೂಲರೂಪವೂ

೧೯೦೬ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಚಿತ್ತರೋಗಾಲಯದಲ್ಲಿ ಔಗುಸ್ಟೆ ಡೇಟರ್ ಎಂಬ ಸ್ತ್ರೀಯು ಕಾಲವಶಳಾದಳು. ಐವತ್ತೊಂದನೆಯ ವಯಸ್ಸಿನಲ್ಲಿಯೇ ಸ್ಮೃತಿಭ್ರಂಶಕ್ಕೆ ಗುರಿಯಾಗಿ ೧೯೦೧ರಲ್ಲಿ ಅಲ್ಲಿಗೆ ಬಂದಿದ್ದ ಈಕೆಯನ್ನು ಮೊದಲು ಪರೀಕ್ಷಿಸಿದ ಆಲೋಯಿಸ್ ಆಲ್ಝೈಮರನು ಆ ವೇಳೆಗೆ ಮ್ಯೂನಿಕ್ಕಿನಲ್ಲಿ ನೆಲಸಿದ್ದನು. ಆಕೆಯ ವೃತ್ತಾಂತಪತ್ರಗಳನ್ನೂ ಮಿದುಳನ್ನೂ ಫ್ರಾಂಕ್‌ಫರ್ಟಿನವರು ಅವನಲ್ಲಿಗೆ ಕಳುಹಿಸಿಕೊಟ್ಟರು. ಅವನು ಮಿದುಳಿನ ತೆಳುವಾದ ಸೀಳುಗಳಿಗೆ ಬೆಳ್ಳಿಯ ಲವಣದ ಬಣ್ಣವನ್ನು ಹಿಡಿಸಿ ನೋಡಲು, ಜೀವಕೋಶಗಳಲ್ಲಿ ನಾರಿನ ಗಂಟುಗಳೂ ಅವುಗಳ ಹೊರಗೆ ವಿಚಿತ್ರ ವಸ್ತುವಿನ ಸಣ್ಣ ರಾಶಿಗಳೂ ಕಾಣಿಸಿದವು. ಅದೇ ವರ್ಷದ ನವೆಂಬರ್ ೩ರಂದು ಟ್ಯೂಬಿಂಗನ್ ಸಭೆಯಲ್ಲಿ ಇದನ್ನು ನಿವೇದಿಸಿದನು. ಒಂದೂರಿನವರು ಕಾಪಾಡಿದುದನ್ನು ಮತ್ತೊಂದೂರಿನವನು ಪರಿಶೀಲಿಸಿದುದರಿಂದ ಈ ರೋಗವು ಬೆಳಕಿಗೆ ಬಂದಿತೆಂಬುದು ಇಲ್ಲಿ ಗಮನಿಸತಕ್ಕ ಅಂಶ. ಆಲ್ಝೈಮರನ ಹೆಸರನ್ನು ರೋಗಕ್ಕೆ ಕ್ರೇಪೆಲಿನ್ ಪಂಡಿತನು ಕೊಟ್ಟುದು ೧೯೧೦ರಲ್ಲಿ.

ಹೊರಗಿನ ರಾಶಿಗಳಲ್ಲಿರುವುದು ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನಿನ ತುಂಡು. ಒಳಗಿನ ಗಂಟುಗಳಲ್ಲಿರುವುದು ಟೌ ಎಂಬ ಪ್ರೋಟೀನು. ಮೊದಲನೆಯದನ್ನು ೧೯೮೪ರಲ್ಲಿ ಗ್ಲೆನರ್ ಮತ್ತು ವಾಂಗ್ ಎಂಬವರು ಶೋಧಿಸಿ ಬೇರ್ಪಡಿಸಿದರು; ಎರಡನೆಯದರ ಸ್ವರೂಪವು ಅದೇ ದಶಕದ ಕೊನೆಯೊಳಗೆ ಸ್ಥಿರಪಟ್ಟಿತು. ಪ್ರೋಟೀನೆಂಬುದು ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಸರವು ಒಂದೇ ಆಗಿದ್ದರೂ ಅದು ಮಡಿಸಿಕೊಳ್ಳುವ ರೀತಿಯು ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಅಕ್ಷರಗಳು ಅವೇ ಆದರೂ ಪದಚ್ಛೇದವು ಬೇರೆಯಾದರೆ ಅರ್ಥವು ಬೇರೆಯಾಗುವುದನ್ನು ಶ್ಲೇಷಕಾವ್ಯಗಳನ್ನು ಓದಿದವರು ಬಲ್ಲರು. ಟೌ ವಿಷಯದಲ್ಲಿಯೂ ಸ್ಥಿತಿ ಇಂಥದೇ. ರೋಗದ ಗುಟ್ಟು ಅಕ್ಷರಗಳಲ್ಲಿಲ್ಲ, ಮಡಿಕೆಯಲ್ಲಿದೆ.

ಈ ಮಡಿಕೆಯನ್ನು ಕಾಣಬೇಕಾದರೆ ಸತ್ತವರ ಮಿದುಳು, ಶುದ್ಧ ಪ್ರೋಟೀನು, ಅದನ್ನು ಗುರುತಿಸುವ ಪ್ರತಿಕಾಯಗಳು, ಅತಿಶೀತದಲ್ಲಿ ನೋಡುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇವೆಲ್ಲವೂ ಬೇಕು. ಒಬ್ಬ ವಿದ್ವಾಂಸನಿಗೆ ಇವೆಲ್ಲವನ್ನೂ ಹೊಂದಿಸಿಕೊಳ್ಳುವುದು ಅಸಾಧ್ಯವೆಂದೇ ಹೇಳಬೇಕು. ಆದುದರಿಂದ ಹಲವರಿಗೆ ಸಾಧಾರಣವಾದ ಸೇವಾಶಾಲೆಗಳು ಹುಟ್ಟಿದವು. ಅಮೆರಿಕದ ರಾಷ್ಟ್ರೀಯ ವಾರ್ಧಕ್ಯ ಸಂಸ್ಥೆಯು ೧೯೮೪ರಿಂದ ಧನಸಹಾಯವಿತ್ತು ನಡೆಸಿಕೊಂಡು ಬಂದ ಆಲ್ಝೈಮರ್ ಕೇಂದ್ರಗಳಲ್ಲಿ ರೋಗಿಗಳನ್ನು ನೋಡುವ ವಿಭಾಗ, ಮಿದುಳನ್ನು ಪರೀಕ್ಷಿಸುವ ವಿಭಾಗ, ಅಂಕಿಅಂಶಗಳನ್ನಿಡುವ ವಿಭಾಗ ಎಂದು ಪ್ರತ್ಯೇಕ ಏರ್ಪಾಡುಗಳಿವೆ. ಮೃತನ ಬಂಧುಗಳ ಒಪ್ಪಿಗೆಯಿಂದ, ಸಾಧ್ಯವಾದಷ್ಟು ಕಡಿಮೆ ಗಂಟೆಗಳೊಳಗೆ ಮಿದುಳನ್ನು ತೆಗೆದು, ಸಾಮಾನ್ಯವಾಗಿ ಒಂದರ್ಧವನ್ನು ಫಾರ್ಮಲಿನ್ನಿನಲ್ಲಿಯೂ ಮತ್ತೊಂದರ್ಧವನ್ನು ಸೊನ್ನೆಗಿಂತ ೮೦ ಡಿಗ್ರಿ ಕೆಳಗಿನ ಶೀತದಲ್ಲಿಯೂ ಇಡುವರು. ಇಂಥ ಶಾಲೆಗಳಿಂದ ಖರ್ಚು ಉಳಿಯುವುದೆಂದು ಆಡಳಿತದವರು ಹೇಳುವುದುಂಟು. ಅದು ನಿಜವೇ, ಆದರೆ ಅದು ಗೌಣ. ಮುಖ್ಯ ಪ್ರಯೋಜನವು ಏನೆಂಬುದು ಟೌವಿನ ಕಥೆಯಿಂದಲೇ ಗೊತ್ತಾಗುವುದು.

ಟೌ ಪ್ರೋಟೀನನ್ನು ಸೂಕ್ಷ್ಮಜೀವಿಗಳಲ್ಲಿ ಬೆಳೆಸಿ ಶುದ್ಧಮಾಡಬಹುದು. ಆದರೆ ಅದು ತನ್ನಷ್ಟಕ್ಕೆ ನಾರಾಗಿ ಹೆಣೆದುಕೊಳ್ಳುವುದಿಲ್ಲ. ೧೯೯೬ರಲ್ಲಿ ಕೇಂಬ್ರಿಜ್ಜಿನ ಗೋಡರ್ಟ್ ಮೊದಲಾದವರು ಹೆಪಾರಿನ್ ಎಂಬ ದ್ರವ್ಯವನ್ನು ಬೆರೆಸಿದರೆ ನಾರು ಹುಟ್ಟುವುದೆಂದು ತೋರಿಸಿದರು. ಆ ಬಳಿಕ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಅನೇಕ ಪ್ರಯೋಗಶಾಲೆಗಳು ಈ ಕೃತಕ ನಾರನ್ನೇ ರೋಗದ ನಾರಿನ ಪ್ರತಿನಿಧಿಯೆಂದು ಹಿಡಿದು ಕೆಲಸಮಾಡಿದವು. ೨೦೧೭ರಲ್ಲಿ ಅದೇ ಕೇಂಬ್ರಿಜ್ಜಿನಲ್ಲಿ ಫಿಟ್ಸ್‌ಪ್ಯಾಟ್ರಿಕ್, ಷೆರೆಸ್, ಗೋಡರ್ಟ್ ಮೊದಲಾದವರು ನಿಜವಾದ ಮಿದುಳಿನ ನಾರನ್ನು ಅತಿಶೀತ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದರು. ಆ ಮಿದುಳು, ಹತ್ತು ವರ್ಷ ಸ್ಮೃತಿನಾಶದಿಂದ ನರಳಿ ೭೪ನೆಯ ವಯಸ್ಸಿನಲ್ಲಿ ತೀರಿಕೊಂಡ ಒಬ್ಬಾಕೆಯದು. ಅದನ್ನು ಒದಗಿಸಿದುದು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯ. ೪೪೧ ಮಣಿಗಳವರೆಗೆ ಉದ್ದವಾಗಿರುವ ಟೌ ಸರದಲ್ಲಿ ೩೦೬ರಿಂದ ೩೭೮ರ ವರೆಗಿನ ಭಾಗವು ರೋಮನ್ ಲಿಪಿಯ ಸಿ ಅಕ್ಷರದಂತೆ ಬಾಗಿ, ಎರಡೆರಡಾಗಿ ಜೋಡಿಗೊಂಡು ನಾರಿನ ತಿರುಳಾಗಿರುವುದೆಂದು ತಿಳಿಯಬಂದಿತು. ೨೦೧೯ರಲ್ಲಿ ಹೆಪಾರಿನ್ನಿನ ನಾರನ್ನೂ ಹಾಗೆಯೇ ನೋಡಲು, ಅದರ ಮಡಿಕೆಯು ಬೇರೆಯೇ ಆಗಿತ್ತು!

ಲಿಪಿಕಾರನ ತಿದ್ದುಪಡಿಯನ್ನೇ ಕವಿಪಾಠವೆಂದು ನಂಬಿ ಟೀಕೆ ಬರೆದಂತೆ ಆಯಿತು. ಹಾಗೆಂದು ಆ ವರ್ಷಗಳ ಶ್ರಮವೆಲ್ಲ ವ್ಯರ್ಥವೆನ್ನಲಾಗದು. ಆದರೆ ಆ ನಾರಿನ ಆಕಾರವನ್ನೇ ಆಧಾರವಾಗಿ ಹಿಡಿದ ಔಷಧಾನ್ವೇಷಣೆಗಳನ್ನು ಮರಳಿ ತೂಗಿ ನೋಡಬೇಕಾಯಿತು. ೨೦೨೨ರಲ್ಲಿ ಹೆಪಾರಿನ್ನಿಲ್ಲದೆ, ಟೌವಿನ ೨೯೭ರಿಂದ ೩೯೧ರ ವರೆಗಿನ ತುಂಡಿನಿಂದಲೇ, ರೋಗದ ಮಡಿಕೆಯುಳ್ಳ ನಾರನ್ನು ತಯಾರಿಸುವ ಕ್ರಮವು ಕೇಂಬ್ರಿಜ್ಜಿನಲ್ಲಿಯೇ ಸಿದ್ಧವಾಯಿತು. ಮೂಲಪ್ರತಿಯೊಂದು ಭಂಡಾರದಲ್ಲಿ ಕೆಡದೆ ಉಳಿದಿರದಿದ್ದರೆ ಈ ಪ್ರತಿ ಸರಿ, ಆ ಪ್ರತಿ ತಪ್ಪು ಎಂದು ನಿರ್ಣಯಿಸಲು ಮಾರ್ಗವೇ ಇರುತ್ತಿರಲಿಲ್ಲ.

ಅಳತೆಯ ವಿಷಯದಲ್ಲಿಯೂ ಇಂಥ ತೊಡಕುಂಟು. ಬೆನ್ನುಹುರಿಯ ದ್ರವದಲ್ಲಿ ಅಮಿಲಾಯ್ಡ್ ಬೀಟಾ ಎಷ್ಟಿದೆಯೆಂದು ಅಳೆದು ರೋಗವನ್ನು ಊಹಿಸುವರಷ್ಟೆ. ಈ ಪ್ರೋಟೀನಿನ ಸ್ವಭಾವವೋ ನಳಿಕೆಯ ಗೋಡೆಗೆ ಅಂಟಿಕೊಳ್ಳುವುದು. ಆದಕಾರಣ ನಳಿಕೆ ಬದಲಾದರೆ ಅಂಕಿಯೂ ಬದಲಾಗುವುದು. ಇದಕ್ಕಾಗಿ ೨೦೦೯ರಿಂದ ಸ್ವೀಡನ್ನಿನ ಗೋಟೆಬೊರ್ಗಿನ ವಿದ್ವಾಂಸರು ಒಂದೇ ದ್ರವವನ್ನು ನಾನಾ ದೇಶಗಳ ಪ್ರಯೋಗಶಾಲೆಗಳಿಗೆ ಹಂಚಿ ಫಲಗಳನ್ನು ಹೋಲಿಸತೊಡಗಿದರು. ೨೦೧೭ರಲ್ಲಿ ಐರೋಪ್ಯ ಒಕ್ಕೂಟದ ಸಂಶೋಧನಕೇಂದ್ರವು ಪ್ರಮಾಣದ್ರವ್ಯಗಳನ್ನು ಹೊರಡಿಸಿತು.

ಇನ್ನು ಔಗುಸ್ಟೆ ಡೇಟರಳ ಮಿದುಳಿನ ಸೀಳುಗಳು. ಅವು ಮ್ಯೂನಿಕ್ಕಿನಲ್ಲಿ ೧೯೯೭ರಲ್ಲಿ ಮತ್ತೆ ದೊರೆತವು. ಅವುಗಳಿಂದ ವಂಶವಾಹಿಯ ದೋಷವೊಂದನ್ನು ಕಂಡೆವೆಂದು ೨೦೧೩ರಲ್ಲಿ ಕೆಲವರು ಪ್ರಕಟಿಸಿದರು. ೨೦೧೪ರಲ್ಲಿ ಬೇರೆಯವರು ಪರೀಕ್ಷಿಸಿ ಅದು ಕಾಣಲಿಲ್ಲವೆಂದರು. ಮೂಲವಿದ್ದುದರಿಂದಲೇ ವಾದಕ್ಕೂ ಪ್ರತಿವಾದಕ್ಕೂ ಎಡೆಯಾಯಿತು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೧೯೯೫ರಲ್ಲಿ ಸ್ಥಾಪಿತವಾದ ಮಾನವ ಮಿದುಳು ಅಂಗಾಂಶ ಭಂಡಾರವು ಈ ವರ್ಗಕ್ಕೆ ಸೇರಿದುದು. ಪರದೇಶದ ಮಿದುಳುಗಳಲ್ಲಿ ಕಂಡುದು ಈ ದೇಶದವರಲ್ಲಿಯೂ ಹಾಗೆಯೇ ಇರುವುದೋ ಇಲ್ಲವೋ ಎಂಬ ಪ್ರಶ್ನೆಗೆ ಇಲ್ಲಿಯ ಮಿದುಳುಗಳೇ ಉತ್ತರ ಹೇಳಬೇಕು. ದಾನವೆಂದೊಡನೆ ಸಂಸ್ಕಾರಲೋಪವಾದೀತೆಂದು ಶಂಕಿಸುವವರುಂಟು. ಮಿದುಳನ್ನು ತೆಗೆದ ಬಳಿಕ ದೇಹವನ್ನು ಅಂತ್ಯಕ್ರಿಯೆಗಾಗಿ ಬಂಧುಗಳಿಗೇ ಒಪ್ಪಿಸುವರಾದುದರಿಂದ ಈ ಶಂಕೆಗೆ ಆಧಾರವಿಲ್ಲ. ಮತ್ತು ರೋಗಿಗಳ ಮಿದುಳು ಮಾತ್ರ ಸಾಲದು. ಹೋಲಿಸಿ ನೋಡುವುದಕ್ಕೆ, ನೆನಪು ಕೆಡದೆ ತುಂಬು ವೃದ್ಧಾಪ್ಯದಲ್ಲಿ ತೀರಿಕೊಂಡವರ ಮಿದುಳೂ ಅಷ್ಟೇ ಅವಶ್ಯಕವಾಗಿರುವುದು.