ಪಶುವೈದ್ಯ ಪದವಿಯ ನಂತರದ ಎರಡು ವರ್ಷ



ಬಿ.ವಿ.ಎಸ್ಸಿ. ಪದವಿಗೆ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಬೇಕು. ಇನ್ನು ಮಕ್ಕಳು ದುಡಿಯಲಿ ಎಂಬ ಮನೆಯವರ ಆಸೆ ಸಹಜವೇ. ಆದರೆ ಪಶುವೈದ್ಯಕೀಯ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು 2 ವರ್ಷದ ಎಂ.ವಿ.ಎಸ್ಸಿ. ಬೇಕೇ ಬೇಕು.

ಅದರಲ್ಲಿ ಪಶುವೈದ್ಯಕೀಯ ಸಾರ್ವಜನಿಕ ಆರೋಗ್ಯವೂ ಒಂದು ವಿಷಯ. ಹಾಲು, ಮಾಂಸದ ತಪಾಸಣೆ, ಪ್ರಾಣಿಗಳಿಂದ ಮನುಷ್ಯರಿಗೆ ಬರುವ ರೇಬೀಸ್, ಬ್ರುಸೆಲ್ಲೋಸಿಸ್‌ನಂಥ ರೋಗಗಳ ತಡೆಯನ್ನು ಇಲ್ಲಿ ಕಲಿಸುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಲೇ ಮಂಗನ ಕಾಯಿಲೆ ಪತ್ತೆಯಾಯಿತು. ಪ್ರಾಣಿಯ ಸಾವನ್ನು ಓದಬಲ್ಲವರು ಊರನ್ನು ಉಳಿಸಬಲ್ಲರು; ಅಂಥವರನ್ನು ತಯಾರು ಮಾಡಲು ಶಿಕ್ಷಕರು ಬೇಕು.

ಪೋಷಕರೇ, ಪದವಿಗೇ ಓದು ನಿಲ್ಲಿಸುವ ಮುನ್ನ ನಮ್ಮೊಡನೆ ಒಮ್ಮೆ ಮಾತಾಡಿ. ದಾನಿಗಳೇ, ನಿಮ್ಮ ನೆರವು ಈ ಎರಡು ವರ್ಷಕ್ಕೂ ಮುಂದುವರಿಯಲಿ ಎಂದು ನಾವು ವಿನಂತಿಸುತ್ತೇವೆ.